ಬ್ಯಾಂಡು ಕೇಳದ ಕಡೆ

ಮಂಡಕ್ಕಿ ಅಂತ ಹೆಸರಿಟ್ಟವನು ನಾನೇ.
ದಾವಣಗೆರೆಯಲ್ಲಿ ಬಿಳಿ ಕುದುರೆಗೆ ಬೇರೆ ಹೆಸರು ಹೊಳೆಯಲಿಲ್ಲ.
ಅದಕ್ಕೆ ಮುಂಚೆ ಅವಳು ಚಾಂದನಿ:
ಹದಿನಾರು ವರ್ಷ, ಲೆಕ್ಕವಿಲ್ಲದಷ್ಟು ಮದುಮಕ್ಕಳು,
ಬೆನ್ನ ಮೇಲೆ ಜರಿ, ಹಣೆಯ ಮೇಲೆ ಗಾಜಿನ ಚೂರು.
ಎಡ ಮುಂಗಾಲ ಮಂಡಿ ತೆಂಗಿನಕಾಯಷ್ಟು ಊದಿದ ದಿನ
ಪಿ.ಬಿ. ರಸ್ತೆಯ ಕಂಬಕ್ಕೆ ಕಟ್ಟಿ ಹೋಗಿಬಿಟ್ಟರು.

ನಾನು ಪಶು ಆಸ್ಪತ್ರೆಯ ಡ್ರೆಸರ್, ನಿವೃತ್ತಿಗೆ ಎರಡು ವರ್ಷ ಬಾಕಿ.
ಗಾಯ ತೊಳೆಯುವುದು ಗೊತ್ತು, ಕೀವು ತೆಗೆಯುವುದು ಗೊತ್ತು.
ಇದು ಗೊತ್ತಿರಲಿಲ್ಲ:
ಎಲ್ಲೋ ಎರಡು ಬೀದಿಯಾಚೆ ಬ್ಯಾಂಡು ಶುರುವಾದರೆ
ಹುಲ್ಲು ಬಿಟ್ಟು ತಲೆಯೆತ್ತುತ್ತಾಳೆ,
ಕುಣಿಯುತ್ತಾಳೆ.
ಒಳ್ಳೇ ಕಾಲು, ಕೆಟ್ಟ ಕಾಲು, ಒಳ್ಳೇ ಕಾಲು, ಕೆಟ್ಟ ಕಾಲು,
ಕಣ್ಣಿನ ಬಿಳಿಯೆಲ್ಲ ಹೊರಗೆ,
ಯಾರೂ ನೋಡದಿದ್ದರೂ, ಬೆನ್ನ ಮೇಲೆ ಯಾರಿಲ್ಲದಿದ್ದರೂ.
ಕುಣಿಯದಿದ್ದರೆ ಏನಾಗುತ್ತಿತ್ತೆಂದು
ಅವಳ ಚರ್ಮಕ್ಕೆ ನೆನಪಿದೆ.

ಗೋಶಾಲೆಯ ಮೂಲೆಯಲ್ಲಿ ಹೇಗೋ ಎರಡು ವರ್ಷ ಕಳೆದೆವು.
ಪಕ್ಕದ ಹಳೇ ಹತ್ತಿ ಗೋದಾಮು
ಹೋದ ಮಾಘದಲ್ಲಿ ಕಲ್ಯಾಣ ಮಂಟಪವಾಯಿತು.
ಹಿಂದೆ ಮಗಳಿಗೆ ಗಂಡು ಹುಡುಕಿ ಚಪ್ಪಲಿ ಸವೆಸಿದವನು ನಾನು;
ಈಗ ಗಂಡುಗಳೇ ಇಲ್ಲದ ಊರು ಹುಡುಕಬೇಕಿತ್ತು.

ಆನಗೋಡಿನ ಇಟ್ಟಿಗೆ ಭಟ್ಟಿಯವನು ಬಂದು ಹಲ್ಲು ನೋಡಿದ.
ಕೊಂಡಜ್ಜಿ ಕಡೆಯ ರೆಸಾರ್ಟಿನವನು
ಮಕ್ಕಳು ಕೂತರೆ ಒದೆಯುತ್ತಾ ಅಂದ, ಫೋಟೋ ತೆಗೆದುಕೊಂಡು ಹೋದ.
ಯಾವುದೋ ಟ್ರಸ್ಟಿನ ಹಿರಿಯರು ಕಣ್ಣಲ್ಲಿ ನೀರು ತಂದರು:
ದೇವರ ಕುದುರೆ ಮಾಡುತ್ತೇವೆ, ದಿನಾ ಕಡಲೆ, ಬೆಲ್ಲ, ಆರತಿ.
ನನಗೂ ಆಸೆಯಾಯಿತು.
ಪೂಜೆಗೆ ಡೊಳ್ಳು ಇರುತ್ತಾ, ಕೇಳಿದೆ.
ಮೂರು ಹೊತ್ತೂ, ಅಂದರು ಹೆಮ್ಮೆಯಿಂದ.

ಪಾಲಯ್ಯ ಕುದುರೆಗೆಂದು ಬಂದವನೇ ಅಲ್ಲ.
ಚಿತ್ರದುರ್ಗದಾಚೆ ಗುಡ್ಡದ ಮೇಲೆ ಗಾಳಿಯಂತ್ರ ಕಾಯುವವನು,
ತಂಗಿಯ ಮನೆಗೆ ಬಂದು, ತಂಗಿಯ ಮೇಕೆಯನ್ನು ಎಳೆದುಕೊಂಡು
ನನ್ನ ಮುಂದೆ ನಿಂತಿದ್ದ.
ಮೇಕೆಗೆ ಸೂಜಿ ಚುಚ್ಚುವಾಗ ಮಾತಿಗೆ ಮಾತು ಬಂತು.
ಸಂಜೆ ಗೋಶಾಲೆಗೆ ಬಂದ. ಹಲ್ಲು ನೋಡಲಿಲ್ಲ, ವಯಸ್ಸು ಕೇಳಲಿಲ್ಲ.
"ಒಂದು ರಾತ್ರಿ ಇಲ್ಲೇ ಮಲಗ್ತೀನಿ ಸಾರ್" ಅಂದ.

ಹತ್ತು ಗಂಟೆಗೆ ಮಂಟಪದಲ್ಲಿ ಡ್ರಮ್ಮು, ಟ್ರಂಪೆಟ್ಟು.
ನಾನು ಹಗ್ಗ ಹಿಡಿದು ಬಯ್ಯುತ್ತಿದ್ದೆ, ಯಾರನ್ನೋ.
ಅವನು ಹೆಗಲ ಕರಿ ಕಂಬಳಿ ತೆಗೆದು
ಅವಳ ಎರಡೂ ಕಿವಿ ಮುಚ್ಚುವಂತೆ ಹೊದಿಸಿ
ಅದರೊಳಗೆ ತನ್ನ ತಲೆಯನ್ನೂ ತೂರಿಸಿದ.
ಒಳಗೆ ಏನು ಹೇಳಿದನೋ.
ಕಾಲು ನಿಲ್ಲಲಿಲ್ಲ.
ಆದರೆ ನಿಧಾನವಾಯಿತು,
ಕರೆಂಟು ಹೋದ ಮೇಲೂ ತಿರುಗುವ ಫ್ಯಾನಿನಂತೆ.

ಬೆಳಿಗ್ಗೆ ಮುಖ ತೊಳೆಯುತ್ತಾ ಹೇಳಿದ: "ಬರ್ತಾಳಂತೆ."

ಆದರೂ ಕೇಳಬೇಕಲ್ಲ.
ಹತ್ತಿರ ಎಷ್ಟು ಮನೆ?
ಹನ್ನೊಂದು, ಅವೂ ಗುಡ್ಡದ ಕೆಳಗೆ.
ಮದುವೆ ವಯಸ್ಸಿನ ಹುಡುಗರು?
"ಒಬ್ಬ ಇದಾನೆ ಸಾರ್, ಅವನಿಗೆ ಯಾರೂ ಹೆಣ್ಣು ಕೊಡಲ್ಲ."
ಇಬ್ಬರೂ ಜೋರಾಗಿ ನಕ್ಕೆವು.
ಆ ಹುಡುಗನ ಬಗ್ಗೆ ಪಾಪ ಅನಿಸಿದ್ದು
ಟೆಂಪೋ ಹೊರಟುಹೋದ ಮೇಲೆ.

ಒಂದು ತಿಂಗಳು ಬಿಟ್ಟು ನೋಡಲು ಹೋದೆ.
ಗುರುತು ಹಿಡಿಯದಿದ್ದರೆ ಅಂತ ಬಸ್ಸಿನಲ್ಲಿ ಭಯ,
ಹಿಡಿದುಬಿಟ್ಟರೆ ಅಂತಲೂ.
ಗಾಳಿಯಂತ್ರಕ್ಕೂ ಒಂದು ತಾಳವಿದೆ,
ಅಲ್ಲಿ ನಿಲ್ಲುವವರೆಗೂ ನನಗದು ಹೊಳೆದಿರಲಿಲ್ಲ:
ಹೂಂ, ಹೂಂ, ಹೂಂ.
ಮೂರು ರೆಕ್ಕೆಯ ನೆರಳು ಒಂದರ ಹಿಂದೊಂದು
ಅವಳ ಬೆನ್ನು ಹತ್ತಿ ಇಳಿಯುತ್ತಿದ್ದವು
ಮದುಮಕ್ಕಳ ಹಾಗೆ.
ಅಯ್ಯೋ, ಇದಕ್ಕೂ ಕುಣಿದರೆ?
ಬೇಲಿಯ ಈಚೆ ಉಸಿರು ಹಿಡಿದೆ.

ಎಡಗಾಲು ಎತ್ತಿದಳು.
ಎದೆ ಧಸಕ್ಕೆಂದಿತು.
ನೆಲಕ್ಕೆ ಒಮ್ಮೆ ಬಡಿದು, ಬಾಲ ಬೀಸಿ,
ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು.

ನೊಣ.