ಷರಾ

ಕನ್ನಡ ಓದಲು ಬರುತ್ತದೆಂದು
ಜತ್ತ ಕಡೆಯ ಪೆಟ್ಟಿಗೆ ನನ್ನ ಮೇಜಿಗೆ ಬಂತು.
ಪುಣೆಯ ಹವಾಮಾನ ಕಚೇರಿ, ಎರಡನೇ ಮಹಡಿ,
ದಿನಕ್ಕೆ ನಲವತ್ತು ಹಾಳೆ ಕಂಪ್ಯೂಟರಿಗೆ ಏರಿಸಬೇಕು.
ಗೆದ್ದಲು ತಿಂದದ್ದಕ್ಕೆ ರಿಯಾಯಿತಿ ಇದೆ.

ಎಪ್ಪತ್ತೆರಡರ ಹಾಳೆಗಳು ಬೇಗ ಮುಗಿಯುತ್ತವೆ.
ಸೊನ್ನೆ, ಸೊನ್ನೆ, ಸೊನ್ನೆ.
ಮಾಸ್ತರರ ಕೈ ದುಂಡಗೆ, ಒಂದೂ ಅವಸರದ್ದಲ್ಲ,
ದಿನಾ ಬೆಳಿಗ್ಗೆ ಎಂಟೂವರೆಗೆ ಬಂದು
ತಾಮ್ರದ ಲಾಳಿಕೆ ಎತ್ತಿ, ಒಳಗೆ ಬಗ್ಗಿ ನೋಡಿ
ಇಲ್ಲ ಎಂಬುದನ್ನು ಸರಿಯಾಗಿ ಅಳೆದು ಬರೆದದ್ದು.

ಆಗಸ್ಟ್ ಹತ್ತೊಂಬತ್ತು. ಅಂಕಿ ಇಲ್ಲ.
ಷರಾ ಕಾಲಮ್ಮಿನಲ್ಲಿ ಸಣ್ಣಗೆ:
‘ರಾತ್ರಿ ಮಳಿ ಆದದ್ದು ಖರೆ. ನೆಲ ಹಸಿ ಅದ.
ಮಾಪಕದಾಗಿನ ನೀರು ಯಾರೋ ಕುಡದಾರ.
ಲಾಳಿಕಿ ತಿರುಗಿ ಇಟ್ಟಾರ.’
ಕೆಳಗೆ ಸಹಿ, ಸಿ. ಗು. ಬಿಳೂರ.

ಖಾಂಬೇಟೆ ಸಾಹೇಬರಿಗೆ ತೋರಿಸಿದೆ.
ಸುತ್ತಲ ನಾಲ್ಕು ಕೇಂದ್ರಗಳ ಸರಾಸರಿ ಹಾಕಿ, ಅಂದರು.
ಕೊಟ್ಟಾಯಂನಿಂದ ಬಂದ ಜಿಸ್ನಾ ಒಪ್ಪಲಿಲ್ಲ:
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು, ಸರ್,
ನಾವೇ ತುಂಬಿದ್ದನ್ನು ನಾಳೆ ನಾವೇ ಮಳೆ ಅಂತ ನಂಬುತ್ತೇವೆ.
ಅರವತ್ತು ವರ್ಷದಲ್ಲಿ ಮುಂಗಾರು ಸೊರಗಿತೋ
ಅಲ್ಲ, ಮಾಪಕಗಳೇ ಸೊರಗಿದವೋ
ಚಹಾ ಎರಡು ಸಲ ಬಂತು, ಎರಡು ಸಲ ಆರಿತು.

ಕುಡಿದವರ ಮಾತು ಯಾರೂ ಎತ್ತಲಿಲ್ಲ.
ನಾನು ಲೆಕ್ಕ ಹಾಕಿದೆ, ಕದ್ದು, ರದ್ದಿ ಹಾಳೆಯ ಹಿಂದೆ:
ಐದಿಂಚು ಬಾಯಿಯ ಮಾಪಕ;
ಮೂರು ಮಿಲಿಮೀಟರ್ ಬಿದ್ದಿತ್ತು ಅನ್ನಿ,
ಒಂದು ಗುಟುಕು, ಹೆಚ್ಚೆಂದರೆ ಒಂದೂವರೆ.
ಅಷ್ಟಕ್ಕೆ ಕತ್ತಲಲ್ಲಿ ಬೇಲಿ ದಾಟಿ
ತಾಮ್ರದ ಕಮಟು ಹತ್ತಿದ ನೀರಿಗೆ ಬಾಯಿ ಕೊಟ್ಟು,
ಲಾಳಿಕೆ ಮತ್ತೆ ಮೊದಲಿನಂತೆ ಕೂರಿಸಿ ಹೋದ ಆಸಾಮಿ.

ಯಂತ್ರಕ್ಕೆ ಖಾಲಿ ಅರ್ಥವಾಗುವುದಿಲ್ಲ.
ಮೈನಸ್ ತೊಂಬತ್ತೊಂಬತ್ತು ದಶಾಂಶ ಒಂಬತ್ತು ಒತ್ತಿದೆ,
ಜಿಸ್ನಾ ಗೆದ್ದಳು. ಷರಾಕ್ಕೆ ಅದರಲ್ಲಿ ಜಾಗವಿಲ್ಲ.

ಧಾಯರಿಗೆ ಬಂದಾಗ ಟ್ಯಾಂಕರ್ ಹಿಂದಕ್ಕೆ ಸರಿಯುತ್ತ ಗೇಟು ಹೊಗುತ್ತಿತ್ತು.
ಪೈಪಿನ ಗಂಟು ಸೋರುವಲ್ಲಿ
ಎದುರಿನ ಅರೆಕಟ್ಟಡದ ಹುಡುಗಿ
ಎಣ್ಣೆ ಡಬ್ಬಿ ಒಡ್ಡಿ ಕೂತಿದ್ದಳು.
ಈ ತಿಂಗಳು ನೀರಿನ ವಹಿ ನನ್ನ ಪಾಳಿ:
ಹತ್ತು ಸಾವಿರ ಲೀಟರ್, ವೇಳೆ, ಚಾಲಕನ ಸಹಿ.
ಸೆಕ್ರೆಟರಿ ಬಾಲ್ಕನಿಯಿಂದ ಕೂಗಿದ, ಸೋರಿದ್ದು ಬರೆದಿರಾ?
ಹುಡುಗಿ ನನ್ನತ್ತ ನೋಡಿದಳು. ಡಬ್ಬಿ ತೆಗೆಯಲಿಲ್ಲ.

ನೆಲ ಹಸಿ ಅದ, ಅಂದೆ.
ಅವನಿಗೆ ತಿಳಿಯಲಿಲ್ಲ.
ಅವಳು ಹಲ್ಲು ಬಿಟ್ಟಳು:
ನಿಮ್ದ್ಯಾವೂರ್ರೀ?