ಜೂನ್ ಒಂದು

ದಾಖಲಾತಿ ರಿಜಿಸ್ಟರಿನ ನೀಲಿ ಶಾಯಿ ನನ್ನದೇ.
ಸೋಮಿನಕೊಪ್ಪದ ಶಾಲೆ, ನಲವತ್ತೊಂದನೆಯ ಸಾಲು:
ತೀರ್ಥೇಶ, ತಾಯಿ ಹಾಲಮ್ಮ,
ಹುಟ್ಟಿದ್ದು ಜೂನ್ ಒಂದು.

ಅವಳು ಹೇಳಿದ್ದು ಬೇರೆ.
"ತುಂಗೆ ಮಂಟಪ ಮುಳುಗಿಸಿದ ವಾರ, ಮೇಡಂ,
ಮೆಗ್ಗಾನಿಗೆ ಹೋಗುವಾಗ ಆಟೋದಲ್ಲೇ."
ಮಂಟಪ ಮುಳುಗುವುದು ಆಷಾಢಕ್ಕೆ;
ಒಂದನೇ ಕ್ಲಾಸಿಗೆ ವಯಸ್ಸು ಸಾಲದು.
ಮನೆಯಲ್ಲಿ ಹುಡುಗನ ನೋಡುವವರಿಲ್ಲ,
ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟವಿತ್ತು.
ಎರಡು ತಿಂಗಳು ನಾನೇ ಸೇರಿಸಿಕೊಟ್ಟೆ,
ತರಕಾರಿಯವಳು ಕೊಸರು ಹಾಕುವ ಹಾಗೆ.

ಆ ಕೊಸರಿನೊಳಗೇ ಬಿತ್ತು
ಜೂನ್ ಹನ್ನೊಂದರ ರಾತ್ರಿ,
ಆಲ್ಕೊಳ ಸರ್ಕಲ್ಲು, ಚಾಕು.
ಹದಿನೆಂಟು ವರ್ಷ, ಹತ್ತು ದಿನ.

ನನ್ನ ಅಕ್ಷರ ನಿಂತರೆ ದೊಡ್ಡವರ ಕೋರ್ಟು.
ಹಾಲಮ್ಮನ ಹೊಳೆ ಗೆದ್ದರೆ ಮಕ್ಕಳ ಮಂಡಳಿ,
ಅಲ್ಲಿಯೂ ಮೊದಲು ಅಳೆಯುತ್ತಾರೆ:
ಮಾಡಿದ್ದರ ಫಲ ಇವನಿಗೆ ಗೊತ್ತಿತ್ತೇ?
ನನಗೆ ಗೊತ್ತಿತ್ತೇ?

"ಅಂದಾಜಿಗೆ ಬರೆದಿರಾ?" ವಕೀಲರು ಕೇಳಿದರು.
ಹೌದು ಎಂದೆ.
ಟೈಪಿಸ್ಟಿಗೆ ಕೇಳಲಿಲ್ಲವಂತೆ, ಜೋರಾಗಿ ಹೇಳಿ ಎಂದರು.

ಹಿಂದಿನ ಬೆಂಚಿನಲ್ಲಿ ಮಿಥುನನ ಅಪ್ಪ
ಚಪ್ಪಲಿ ಕಳಚಿ ಕೂತಿದ್ದರು.
ಎರಡು ಪುಟ ತಿರುವಿದರೆ ಅವರ ಮಗನೂ ಇದ್ದಾನೆ,
ಅದೇ ಶಾಯಿ, ಅದೇ ಜೂನ್ ಒಂದು.
ಅವನ ವಯಸ್ಸು ಯಾರೂ ಕೇಳಲಿಲ್ಲ.
ಆ ಪುಟ ಹಾರದಂತೆ
ಬೆರಳೊತ್ತಿ ನಿಂತೆ, ಫ್ಯಾನಿನ ಕೆಳಗೆ.