ಮೊಳೆಯಿಲ್ಲದ ವಾಕ್ಯ

ರಾತ್ರಿ ಎಂಟೂಕಾಲಿಗೆ, ಬೋರಾ ಬಜಾರಿನ ಮೂರನೇ ಮಾಳಿಗೆಯಲ್ಲಿ
ಹಗಲೆಲ್ಲ ಗುಜರಾತಿ ಮಕ್ಕಳು ಕೂತೆದ್ದ ಗಿಡ್ಡ ಬೆಂಚುಗಳ ಮೇಲೆ
ಮೊಣಕಾಲು ಮಡಚಿ ಕೂರುತ್ತಿದ್ದೆವು ನಾವು:
ಕೈಗೆ ಈರುಳ್ಳಿ ವಾಸನೆ, ಕಣ್ಣಿಗೆ ನಿದ್ದೆ,
ಬೆರಳ ಸಂದಿಗೆ ಸೋಡಾಪುಡಿ ತಿಂದ ಬಿಳಿ ಗಾಯ.

ದೂಮಪ್ಪ ಮಾಸ್ತರು ಹಗಲು ಗೋದಿಯಲ್ಲಿ ಗುಮಾಸ್ತ.
ಚಪಾತಿಯ ಗೋದಿಯಲ್ಲ, ಈ ಊರಲ್ಲಿ ಗೋದಿ ಎಂದರೆ ಹಡಗುಕಟ್ಟೆ.
ಹೆಸರು ಒಂದು, ವಸ್ತು ಎರಡು:
ಅವರ ಮೊದಲ ಪಾಠ ಅದೇ.
ಪರೀಕ್ಷೆಗಿದ್ದದ್ದು ಅರ್ಧ ಪುಟ, ‘ಗ್ರೀಕರ ತರ್ಕ’;
ಅವರು ಅದಕ್ಕೊಂದು ಮಳೆಗಾಲವನ್ನೇ ಕೊಟ್ಟರು.

“ಹೋಟೆಲು ಎಂದರೇನು?”
ತ್ಯಾಂಪ ಎದ್ದ: “ಹಸಿದವರು ಉಣ್ಣುವ ಜಾಗ.”
“ಆರ್ಥರ್ ರೋಡ್ ಜೈಲಲ್ಲೂ ಉಣ್ಣುತ್ತಾರೆ. ಹೌದೋ ಅಲ್ಲವೋ?”
“ಹೌದು.”
“ದುಡ್ಡು ಕೊಟ್ಟು ಉಣ್ಣುವ ಜಾಗ,” ಹಿಂದಿನ ಬೆಂಚು.
“ಮೊನ್ನೆ ಆ ಮುದಿ ಹಮಾಲನಿಗೆ ನಿಮ್ಮ ಧನಿ ಪುಕ್ಕಟೆ ಬಡಿಸಿದರಲ್ಲ,
ಅಷ್ಟು ಹೊತ್ತು ಅದು ಹೋಟೆಲಾಗಿರಲಿಲ್ಲವೋ?”
“ಆಗಿತ್ತು.”
“ಹಾಗಾದರೆ?”
ನಾನೆಂದೆ: “ನಾವು ಮಲಗುವ ಜಾಗ.”
ಎಲ್ಲ ನಕ್ಕರು. ಮಾಸ್ತರು ನಗಲಿಲ್ಲ.
“ಶಟರು ಎಳೆದು ನಾಲ್ಕು ಮೇಜು ಕೂಡಿಸುತ್ತೀರಲ್ಲ,
ಆಗ ಅದು ಮೇಜೋ, ಮಂಚವೋ?”
ಉತ್ತರ ಹೇಳದೆ ಗಂಟೆ ಹೊಡೆಸಿಬಿಟ್ಟರು.
ಆ ರಾತ್ರಿ ಆರು ಜನ
ಏನೆಂದು ಗೊತ್ತಿಲ್ಲದ್ದರ ಮೇಲೆ ಮಲಗಿದೆವು.

ಮರುದಿನ: “ಲಕ್ಷಣ ಹೇಳುವವನು ಮೊದಲು ಜಾತಿ ಹೇಳಬೇಕು,
ಆಮೇಲೆ ಭೇದ.”
ಜಾತಿ ಎಂದೊಡನೆ ಬೆಂಚುಗಳು ಸುಮ್ಮನಾದವು.
ಒಲೆಯ ಹತ್ತಿರ ಹೋಗಬಹುದಾದವರು ಕಿಟಕಿ ಕಡೆ,
ಎಂಜಲು ತೆಗೆಯುವವರು ಗೋಡೆ ಕಡೆ.
ಕೂರಿಸಿದವರು ಯಾರೂ ಇರಲಿಲ್ಲ.
“ಆ ಜಾತಿಯಲ್ಲ ಮಾರಾಯರೇ,” ಎಂದು
ಮಾಸ್ತರು ಸೀಮೆಸುಣ್ಣ ಕೆಳಗಿಟ್ಟು
ತುಸು ಹೊತ್ತು ಬೀದಿಯ ಕಡೆ ನೋಡಿದರು.

ಇನ್ನೊಂದು ರಾತ್ರಿ ಹಲಗೆಯ ಮೇಲೆ ಎರಡೇ ಶಬ್ದ:
ಐತ ಮಾಣಿ.
ನನ್ನ ಹೆಸರು, ನನ್ನ ಕೆಲಸ.
“ಇಂಗ್ಲಿಷಿನವರು ನಡುವೆ ಒಂದು ಮೊಳೆ ಹೊಡೆಯುತ್ತಾರೆ.
ನಮಗೆ ಪಕ್ಕದಲ್ಲಿಟ್ಟರೆ ಸಾಕು, ಅಂಟುತ್ತದೆ.”
“ಗ್ರೀಕರು?”
“ಒಮ್ಮೊಮ್ಮೆ ಹೊಡೆಯುತ್ತಾರಂತೆ, ಒಮ್ಮೊಮ್ಮೆ ಬಿಡುತ್ತಾರಂತೆ.
ನನಗೆ ಗ್ರೀಕು ಬಾರದು.”
ಅಂಗೈಯಿಂದ ಮಾಣಿಯನ್ನು ಒರೆಸಿದರು.
ಐತ ಉಳಿದ, ಪಕ್ಕದಲ್ಲಿ ಬಿಳಿ ಮಸುಕು.
“ಈಗ ಹೇಳು, ಐತ ಏನು?”
ಹೊಳೆಯಲಿಲ್ಲ.
ಆಮೇಲೆ ಎಷ್ಟೋ ಬರೆದೆ ಆ ಜಾಗದಲ್ಲಿ:
ಕ್ಯಾಶಿಯರ್, ಗಂಡ, ಸಂಘದ ಖಜಾಂಚಿ, ಸಕ್ಕರೆ ಕಾಯಿಲೆಯವ.
ಕೆಲವು ಅಂಟಿದವು. ಕೆಲವು ಮಳೆಗಾಲದ ಪೋಸ್ಟರಿನ ಹಾಗೆ
ಮೂಲೆಯಿಂದ ಎದ್ದವು.

ಕೊನೆಯ ಪಾಠ: ಇಲ್ಲದ್ದರ ಬಗ್ಗೆ ಮಾತಾಡುವುದು ಹೇಗೆಂದು
ಗ್ರೀಕರು ಬಹಳ ತಲೆ ಕೆಡಿಸಿಕೊಂಡರಂತೆ.
“ಇದು ಚಹಾ ಅಲ್ಲ; ಚಹಾ ಇಲ್ಲ.
ಗಿರಾಕಿ ಯಾವ ಮಾತಿಗೆ ಎದ್ದು ಹೋಗುತ್ತಾನೆ?”
“ಇಲ್ಲಕ್ಕೆ!” ಇಡೀ ಕ್ಲಾಸು.
“ಅಲ್ಲ ಎಂದರೆ?”
“ಮತ್ತೇನೆಂದು ಕೇಳುತ್ತಾನೆ.”
ಮಾಸ್ತರು ಅವತ್ತು ಮಾತ್ರ ನಕ್ಕದ್ದು.

ಹೋದ ತಿಂಗಳು ಮೊಮ್ಮಗಳ ಕನ್ನಡಕ ತರಲು ಹೋದವನು
ಆ ಮೆಟ್ಟಿಲು ಹತ್ತಿದೆ, ಎರಡು ಕಡೆ ನಿಂತು.
ಮೂರನೇ ಮಾಳಿಗೆಯಲ್ಲಿ ಕೊರಿಯರ್ ಕಂಪನಿ.
“ಕನ್ನಡ ಶಾಳಾ?” ಎಂದೆ.
ವಾಚ್‌ಮನ್ ತಲೆಯಾಡಿಸಿದ: “ನಾಹೀ.”

ಶಾಲೆ ಇಲ್ಲ ಎಂದನೋ, ಇದು ಶಾಲೆ ಅಲ್ಲ ಎಂದನೋ?
ಮರಾಠಿಯಲ್ಲಿ ‘ನವ್ಹೇ’ ಎಂಬುದೂ ಉಂಟು,
ಅವನು ಅದನ್ನು ಆರಿಸಲಿಲ್ಲ.
ಕೇಳೋಣವೆಂದರೆ ಏದುಸಿರು.
ಅವನು ನನ್ನ ಮುಖ ನೋಡಿ
ಎರಡು ಪಾರ್ಸೆಲ್ ಡಬ್ಬ ಒತ್ತಿ ಜೋಡಿಸಿ,
“ಬಸಾ, ಕಾಕಾ,” ಎಂದ.
ಕೂತೆ.